ಮನ್ನಾ ಕಾರ್ಖಾನೆಯ ಪಕ್ಕದ ಅಂಗನವಾಡಿ

ಇವತ್ತು ನಗಲೇಬಾರದು ಎಂದು ಹಲ್ಲು ಕಚ್ಚಿ ಕೂತ ದಿನವೇ ನಮ್ಮ ಅಂಗನವಾಡಿಯಲ್ಲಿ ಏನಾದರೊಂದು ನಡೆದುಬಿಡುತ್ತದೆ. ನಮ್ಮದು ಕುಂದಾಪುರ, ಬೈಂದೂರು ನಡುವಿನ ಕಡಲ ಬದಿ. ಪಕ್ಕದಲ್ಲಿ ಮೀನಿನ ಹುಡಿ ಮಾಡುವ ಕಾರ್ಖಾನೆ ಬಂದ ಮೇಲಂತೂ ಕೇಳುವುದೇ ಬೇಡ. ಊರಿಗೆ ಕೆಲಸ ಕೊಡುತ್ತದೆಂದು ಸರ್ಕಾರ ಅದಕ್ಕೆ ತೆರಿಗೆ ಮನ್ನಾ ಮಾಡಿತ್ತು. ಕೆಲಸ ಎಷ್ಟು ಜನರಿಗೆ ಸಿಕ್ಕಿತೋ, ವಾಸನೆ ಮಾತ್ರ ಎಲ್ಲರಿಗೂ ಸಿಕ್ಕಿತು.

೧. ಯಾವ ಕೈ?

ಊಟದ ಹೊತ್ತಿಗೆ ಮಕ್ಕಳಿಗೆ ಕೆಮ್ಮು, ವಾಂತಿ. ಒಂದು ದಿನ ಅಂಗನವಾಡಿ ನೋಡಲು ಬಂದ ಮೇಲ್ವಿಚಾರಕಿ ಪುಟ್ಟ ಹುಡುಗಿಯೊಬ್ಬಳನ್ನು, "ಊಟ ಮಾಡುವುದು ಯಾವ ಕೈಯಲ್ಲಿ?" ಎಂದು ಕೇಳಿದರು.

ಹುಡುಗಿ ಎಡಗೈ ಎತ್ತಿದಳು. "ಇದ್ರಗೆ ಮೂಗ್ ಹಿಡ್ಕಂಬುದ್. ಉಂಬುದ್ ಇನ್ನೊಂದ್ರಗೆ."

೨. ಮಾಲಿಕರ ಕೊಡುಗೆ

ಕಾರ್ಖಾನೆಯ ಮಾಲಿಕರು ಘಟ್ಟದ ಮೇಲಿನವರು. ಹೋಗಿ ಜಗಳ ಮಾಡಿದೆ. ಎಸಿ ಕೋಣೆಯಲ್ಲಿ ಕೂತು, "ಆರೋಗ್ಯಕ್ಕೆ ಕೆಟ್ಟದ್ದಾದರೆ ಸರ್ಕಾರ ತೆರಿಗೆ ಬಿಡ್ತಿತ್ತಾ ಟೀಚರ್?" ಎಂದರು. ಮಾರನೇ ದಿನ ಮಲ್ಲಿಗೆ ಪರಿಮಳದ ಸ್ಪ್ರೇ ಕಳಿಸಿಕೊಟ್ಟರು. ಕೋಣೆಗೆಲ್ಲ ಹೊಡೆದೆ.

ನೆರೆಮನೆಯ ಮೀನು ಮಾರುವ ಅಕ್ಕ ಬಾಗಿಲಲ್ಲೇ ನಿಂತಳು. "ಹ್ವಾಯ್ ಟೀಚರೇ, ಎಂತ ಇದ್? ಕೊಳ್ತ ಬೂತಾಯಿ ಮೀನಿಗೆ ಮಲ್ಲಿಗೆ ಮುಡ್ಸಿ ಮದಿ ಹೆಣ್ಣ್ ಮಾಡ್ತ್ರಿಯಾ?"

೩. ಸನ್ಮಾನ

ಮನ್ನಾ ಮುಂದುವರಿಸಬೇಕೇ ಎಂದು ಊರವರನ್ನು ಕೇಳಲು ಬೆಂಗಳೂರಿನಿಂದ ಅಧಿಕಾರಿ ಬರುವವರಿದ್ದರು. ಮಾಲಿಕರು ಸಭೆಯನ್ನು ನಮ್ಮ ಅಂಗಳದಲ್ಲೇ, ಬೆಳಗ್ಗೆಯೇ ಇಡಿಸಿದರು. ಬೆಳಗ್ಗೆ ಗಾಳಿ ಕಡಲಿನತ್ತ ಬೀಸುತ್ತದೆ, ವಾಸನೆಯೂ ಅದರ ಜೊತೆಗೇ ಹೋಗುತ್ತದೆ. ಮಧ್ಯಾಹ್ನ ಗಾಳಿ ತಿರುಗುವಷ್ಟರಲ್ಲಿ ಅಧಿಕಾರಿ ಹೊರಟಿರುತ್ತಾರೆ ಎಂಬುದು ಅವರ ಲೆಕ್ಕಾಚಾರ. ಪಾಪ, ನಮ್ಮೂರಿನ ಸಭೆ ಎಂದರೆ ಏನೆಂದು ಅವರಿಗೆ ಗೊತ್ತಿರಲಿಲ್ಲ.

ಪ್ರಾರ್ಥನೆ, ದೀಪ, ಸ್ವಾಗತ, ಪ್ರಸ್ತಾವನೆ, ಮಕ್ಕಳ ನೃತ್ಯ. ಭಜನಾ ಮಂಡಳಿ, ಯುವಕ ಮಂಡಲ, ಸ್ತ್ರೀಶಕ್ತಿ ಸಂಘ, ಹೀಗೆ ಅಧಿಕಾರಿಗೆ ಒಬ್ಬೊಬ್ಬರದೂ ಬೇರೆ ಬೇರೆ ಶಾಲು, ಶಾಲಿಗೊಂದು ಭಾಷಣ. ಮಾಲಿಕರು ವಾಚು ನೋಡಿಕೊಂಡು, "ಬೇಗ ಮುಗಿಸಿ" ಎಂದು ಎದ್ದರು. "ಇನ್ನು ನಿಮಗೇ ಸನ್ಮಾನ" ಎಂದು ನಾನು ಅವರನ್ನೂ ಹಿಡಿದು ಕೂರಿಸಿದೆ. ಅವರ ಗುಣಗಾನ ಇನ್ನೂ ಅರ್ಧವಾಗಿರಲಿಲ್ಲ, ತೆಂಗಿನ ಗರಿಗಳು ನಮ್ಮ ಕಡೆ ವಾಲಿದವು.

ಅಧಿಕಾರಿ ತಮಗೆ ಹೊದೆಸಿದ್ದ ಶಾಲುಗಳನ್ನೆಲ್ಲ ಒಟ್ಟಾಗಿ ಮೂಗಿಗೆ ಒತ್ತಿಕೊಂಡರು. "ಮೊದಲು ಈ ನಾತ ನಿಲ್ಲಿಸ್ರೀ! ಮನ್ನಾ ಗಿನ್ನಾ ಏನೂ ಇಲ್ಲ!" ಎನ್ನುತ್ತಾ ಕಾರಿನತ್ತ ಓಡಿದರು.

ಮೀನು ಮಾರುವ ಅಕ್ಕ ಹಿಂದಿನಿಂದ ಕೂಗಿದಳು: "ಹ್ವಾಯ್ ಸಾರ್, ವಾಸ್ನಿ ಇನ್ನೊಂಚೂರ್ ತಕಂಡ್ ಹೋಯ್ನಿ. ಇದ್ಕೂ ತೆರ್ಗೆ ಇಲ್ಲೆ!"