ಶಕುಂತಲಾಬಾಯಿಯ ಹೊಸ ಪಾಸ್‌ವರ್ಡ್

ಏನೂ ಕಾಣಿಸದ ಪರದೆಯ ಮುಂದೆ ಕೂತು ಬೆರಗಾಗುವವರು ಕಡಿಮೆ. ನಾನು ಆ ಕಡಿಮೆಯವರಲ್ಲಿ ಒಬ್ಬಳು. ಸರ್ವರ್‌ನಲ್ಲಿ ಪಾಸ್‌ವರ್ಡ್ ಬದಲಿಸುವಾಗ ಎಷ್ಟು ಕೀ ಒತ್ತಿದರೂ ಪರದೆಯ ಮೇಲೆ ಒಂದು ಅಕ್ಷರವೂ ಮೂಡುವುದಿಲ್ಲ, ಒಂದು ಚುಕ್ಕಿಯೂ ಬೀಳುವುದಿಲ್ಲ. ಊಟದ ಡಬ್ಬಿಯಲ್ಲಿ ಏನು ತಂದಿದ್ದೀ ಎಂದು ಯಾರಾದರೂ ಕೇಳಿದರೂ ಮುಚ್ಚಳ ಬಿಗಿ ಮಾಡುವ ನನಗೆ ಇಂಥ ಸಂಕೋಚದ ಯಂತ್ರ ಸಿಕ್ಕಿದ್ದು ಪುಣ್ಯವೇ ಸರಿ. ಕಡಗಂಚಿಯ ವಿಶ್ವವಿದ್ಯಾಲಯದಲ್ಲಿ ಓದುವಾಗ ಹಾಸ್ಟೆಲಿನ ಹುಡುಗಿಯರು ಕೂಡ ನನ್ನ ಗುಟ್ಟಿಗೆ ಇಷ್ಟು ಮರ್ಯಾದೆ ಕೊಟ್ಟಿರಲಿಲ್ಲ.

ಈಗ ಆಳಂದದ ಒಂದು ಖಾಸಗಿ ಕಾಲೇಜಿನ ಸರ್ವರ್ ನೋಡಿಕೊಳ್ಳುತ್ತೇನೆ. ಅಫಜಲಪುರ, ಜೇವರ್ಗಿ ಶಾಖೆಗಳ ಹಾಜರಿಯೂ ಅದರಲ್ಲೇ ಇರುತ್ತದೆ. ನಮ್ಮ ಕಚೇರಿಯಲ್ಲಿ ಪಾಸ್‌ವರ್ಡ್ ಎಂದರೆ ಕುಡಿಯುವ ನೀರಿದ್ದ ಹಾಗೆ; ಕೇಳಿದವರಿಗೆ ಇಲ್ಲ ಎನ್ನುವುದು ಮನುಷ್ಯತ್ವವಲ್ಲ. ಹಿರಿಯ ಗುಮಾಸ್ತೆ ಶಕುಂತಲಾಬಾಯಿಯ ಪಾಸ್‌ವರ್ಡ್ ಅವರ ಅತ್ತೆಯ ಹೆಸರು. ಅದು ಮೂರೂ ಊರಿಗೆ ಗೊತ್ತು. ಅಫಜಲಪುರ ಶಾಖೆಯ ಗುಮಾಸ್ತ ಗಫಾರ್ ಸಾಹೇಬರು ಫೋನ್ ಮಾಡಿ, “ಬಾಯಾರ, ನಿಮ್ಮ ಅತ್ತಿ ಹೆಸರಿನ್ಯಾಗ ಒಂದು ಕೆಲಸ ಮುಗಿಸ್ಕೊಂಡೆ ನೋಡ್ರಿ” ಎಂದರೆ, ಇವರು, “ಅವರ ಹೆಸರಲೆ ಯಾರದಾದ್ರೂ ಕೆಲಸ ಆತಲ್ಲ, ಬಿಡ್ರಿ” ಎನ್ನುತ್ತಿದ್ದರು.

ಹೀಗಿರುವಾಗ ಜೇವರ್ಗಿಯ ಒಂದು ತರಗತಿಯ ಹಾಜರಿಯೆಲ್ಲ ಅಳಿಸಿಹೋಯಿತು. ಕಾಪಿಟ್ಟಿದ್ದ ಪ್ರತಿಯಿಂದ ನಾನು ಅದನ್ನು ಮತ್ತೆ ತುಂಬಿಸಿದೆ. ಆದರೆ ಅಳಿಸಿದವರು ಶಕುಂತಲಾಬಾಯಿ ಎಂದೇ ಸರ್ವರ್ ಹೇಳುತ್ತಿತ್ತು. ಆ ಹೊತ್ತಿನಲ್ಲಿ ಅವರು ಹಿರೋಳ್ಳಿಯಲ್ಲಿ ತಂಗಿಯ ಮಗಳ ಮದುವೆಯಲ್ಲಿ ಹುಗ್ಗಿ ಬಡಿಸುತ್ತಿದ್ದರು. ಅದೇ ಪಂಕ್ತಿಯಲ್ಲಿ ಕೂತು ಅವರ ಕೈಯಿಂದಲೇ ಮತ್ತೊಮ್ಮೆ ಹಾಕಿಸಿಕೊಂಡಿದ್ದ ಪ್ರಾಂಶುಪಾಲರು, “ನೀವು ಅಲ್ಲಿದ್ರಿ, ಖರೆ. ಆದ್ರ ಮಷೀನ್ ನಿಮ್ಮ ಹೆಸರು ಹೇಳಾಕತ್ತದ ಬಾಯಾರ. ಇನ್ನೊಮ್ಮೆ ಹಿಂಗಾದ್ರ ಈ ಕುರ್ಚಿ ನಿಮಗ ಇರಂಗಿಲ್ಲ” ಎಂದುಬಿಟ್ಟರು.

ಶಕುಂತಲಾಬಾಯಿ ನನ್ನ ಪಕ್ಕ ಬಂದು ಕೂತರು. ಒಂದೇ ಸಲಕ್ಕೆ ನಡೆಯುವ ತಾತ್ಕಾಲಿಕ ಪಾಸ್‌ವರ್ಡ್ ಕೊಟ್ಟೆ. ಒಳಗೆ ಹೋದೊಡನೆ ಸರ್ವರ್ ಹೊಸದನ್ನು ಕೇಳಿತು. ಅವರು ಒತ್ತಿದರು, ಇನ್ನೂ ಜೋರಾಗಿ ಒತ್ತಿದರು.

“ಮೇಡಂ, ಕೀ ಸತ್ತಾವ್ರಿ. ಏನೂ ಬೀಳವಲ್ದು.”

“ಬೀಳಾಕತ್ತಾವ್ರಿ. ಕಾಣಂಗಿಲ್ಲ ಅಷ್ಟ.”

“ನಿಮಗ ಕಾಣ್ತಾವೇನು?”

“ನನಗೂ ಇಲ್ರಿ.”

“ಮತ್ತ ಸರ್ವರಿಗೆ?”

ಅದು ಪಾಸ್‌ವರ್ಡನ್ನು ಹಾಗೇ ಇಟ್ಟುಕೊಳ್ಳುವುದಿಲ್ಲ, ಜೋಳದ ಹಾಗೆ ಬೀಸಿ ಹಿಟ್ಟನ್ನಷ್ಟೇ ಇಡುತ್ತದೆ ಎಂದೆ. ಹಿಟ್ಟಿನಿಂದ ಕಾಳು ತೆಗೆಯಲು ಬರುವುದಿಲ್ಲ. ನಾಳೆ ಅವರು ಅದೇ ಕಾಳು ತಂದರೆ ಮತ್ತೆ ಬೀಸಿ, ಎರಡೂ ಹಿಟ್ಟು ಒಂದೇ ಇದ್ದರೆ ಬಾಗಿಲು ತೆರೆಯುತ್ತದೆ. ಗೊತ್ತಿಲ್ಲದೆಯೇ ಗುರುತು ಹಿಡಿಯುವ ಈ ವಿದ್ಯೆಯನ್ನು ಪರೀಕ್ಷೆಗಾಗಿ ಓದಿದ್ದೆ. ಅವತ್ತು ಹೇಳುವಾಗ ನನಗೇ ಮೈ ಜುಮ್ಮೆಂದಿತು. ಶಕುಂತಲಾಬಾಯಿಯ ಮನೆಯಲ್ಲಿ ಕಪಾಟಿನ ಕೀಲಿ ಮೊಳೆಗೆ ತೂಗುತ್ತದೆ, ಫೋನು ಮೊಮ್ಮಕ್ಕಳ ಕೈಯಲ್ಲಿರುತ್ತದೆ, ಅವರಿಗೆ ಜ್ವರ ಬಂದದ್ದು ಮೊದಲು ಪಕ್ಕದ ಮನೆಗೆ ತಿಳಿಯುತ್ತದೆ.

“ಅಂದ್ರ ಇದು ನನ್ನೊಬ್ಬಾಕಿಗೇ ಗೊತ್ತಿರೂದು” ಎಂದರು ಮೆಲ್ಲಗೆ. ಆಮೇಲೆ ಬಹಳ ಉದ್ದದ್ದೇನನ್ನೋ ಒತ್ತಿದರು. ಖಾತ್ರಿಗೆಂದು ಸರ್ವರ್ ಮತ್ತೆ ಕೇಳಿದಾಗಲೂ ತಪ್ಪಲಿಲ್ಲ. ಒಬ್ಬರೇ ನಕ್ಕರು.

ಮರುದಿನ ಗಫಾರ್ ಸಾಹೇಬರ ಫೋನ್ ಬಂತು. ನಮ್ಮಲ್ಲಿ ಫೋನಿನ ಮಾತೂ ಎಲ್ಲರಿಗೂ ಕೇಳುವಂತೆಯೇ ನಡೆಯುತ್ತದೆ.

“ಬಾಯಾರ, ನಿಮ್ಮ ಅತ್ತಿ ಒಳಗ ಬಿಡವಲ್ರು. ಹೊಸಾದು ಏನಿಟ್ಟೀರಿ, ಹೇಳ್ರಿ.”

ಒಳಗೆ ಹೊರಟಿದ್ದ ಪ್ರಾಂಶುಪಾಲರು ಬಾಗಿಲಲ್ಲೇ ನಿಂತರು. ಶಕುಂತಲಾಬಾಯಿ, ಗಫಾರ್ ಸಾಹೇಬರ ಬೇಗಂ ಅವರ ಮೊಣಕಾಲು ನೋವು ವಿಚಾರಿಸಿದರು, ಶೇಂಗಾ ಹೋಳಿಗೆ ಕಳಿಸುತ್ತೇನೆಂದರು, ಸೆರಗಿನಿಂದ ಹಣೆ ಒರೆಸಿಕೊಂಡರು. ಕೊನೆಗೆ, “ಗಫಾರ್ ಭಾಯ್, ಮನಿಗಿ ಬರ್ರಿ, ಉಂಡು ಹೋಗ್ರಿ. ಅದೊಂದು ಮಾತ್ರ ಕೇಳಬ್ಯಾಡ್ರಿ” ಎಂದರು.

ಆ ಕಡೆಯಿಂದ, “ಹಂಗಾದ್ರ ಮೇಡಂಗ ಹೇಳಿ ನನಗೂ ಅಂಥಾದೊಂದು ಮಾಡಿಸಿ ಕೊಡ್ರಿ” ಎಂದು ಕೇಳಿಸಿತು.

“ಕುರ್ಚಿ ನಿಮ್ದ ಬಿಡ್ರಿ ಬಾಯಾರ” ಎನ್ನುತ್ತ ಪ್ರಾಂಶುಪಾಲರು ಒಳಗೆ ಹೋದರು.

ಈಗ ಎಲ್ಲರೂ ನೆಮ್ಮದಿಯಾಗಿದ್ದಾರೆ, ನನ್ನೊಬ್ಬಳನ್ನು ಬಿಟ್ಟು. ಅಷ್ಟು ಉದ್ದದ್ದು ಏನಿರಬಹುದು? ಯಾರ ಹೆಸರು? ನಕ್ಕಿದ್ದೇಕೆ? ಶಕುಂತಲಾಬಾಯಿ ಕಂಪ್ಯೂಟರ್ ಶುರು ಮಾಡುವ ಹೊತ್ತಿಗೆ ಸರಿಯಾಗಿ ನನಗೆ ಅವರ ಮೇಜಿನ ಹಿಂದೆ ಕೇಬಲ್ ನೋಡುವ ಕೆಲಸ ಬರುತ್ತದೆ. ಮೊನ್ನೆ ಅವರು ಕೀ ಒತ್ತುವುದನ್ನು ನಿಲ್ಲಿಸಿ, “ಮೇಡಂ, ಸ್ವಲ್ಪ ಆ ಕಡಿ ನೋಡ್ರಿ” ಎಂದರು. ಗೋಡೆ ನೋಡುತ್ತ ನಿಂತೆ. ಕಿವಿ ಮಾತ್ರ ಕೀಗಳ ಸಪ್ಪಳ ಎಣಿಸುತ್ತಿತ್ತು.