ತಿಂಗಳಿಗೊಂದು ಸಾಲದೆ?

ಅಕ್ಕಿಯ ಚೀಲ ಕಂಡರೆ ನನಗೆ ಬರುವ ಧೈರ್ಯ ದೇವರ ಪಟದ ಮುಂದೆ ನಿಂತರೂ ಬರುವುದಿಲ್ಲ. ಓದಿದವನು ಹೀಗೆ ಹೇಳಬಾರದು, ಆದರೆ ನಿಜ. ಮೈಸೂರಿನ ನ್ಯಾಯಬೆಲೆ ಅಂಗಡಿಯ ಮುಂದೆ ಕೈಚೀಲ ಹಿಡಿದು ನಿಂತು ಬೆಳೆದವನು ನಾನು. ನನ್ನ ಸರದಿ ಬರುವ ಹೊತ್ತಿಗೆ ಸರಿಯಾಗಿ ‘ಸ್ಟಾಕ್ ಇಲ್ಲ’ ಎಂಬ ಹಲಗೆ ನೇತುಬೀಳುತ್ತಿತ್ತು. ಆಮೇಲೆ ಇಂಜಿನಿಯರಿಂಗ್ ಡಿಗ್ರಿ ಬಂತು, ವೀಸಾ ಬಂತು, ವರ್ಜೀನಿಯಾದ ರೆಸ್ಟನ್‌ನಲ್ಲಿ ಒಂದು ಬಾಡಿಗೆ ಮನೆಯೂ ಸಿಕ್ಕಿತು. ಆ ಹಲಗೆಯ ಭಯ ಮಾತ್ರ ಹೋಗಲಿಲ್ಲ.

ತೊಂಬತ್ತರ ದಶಕದ ಆರಂಭದ ಮಾತು. ಆಗ ಇಲ್ಲಿಯ ಇಂಡಿಯನ್ ಅಂಗಡಿಗೆ ನಮ್ಮ ಕಡೆಯ ಸಣ್ಣಕ್ಕಿ ಬರುತ್ತಿದ್ದುದೇ ಅಪರೂಪ. ಒಂದು ಭಾನುವಾರ ಲ್ಯಾನ್‌ಹ್ಯಾಮ್ ದೇವಸ್ಥಾನದಲ್ಲಿ ಪುಳಿಯೋಗರೆ ತಿನ್ನುತ್ತಿದ್ದಾಗ ಪಕ್ಕದಲ್ಲಿದ್ದವರು, “ಇನ್ಮೇಲೆ ಸಣ್ಣಕ್ಕಿ ಬರಲ್ವಂತೆ” ಎಂದರು. ಅಂದವರು ಯಾರು ಎಂದು ನಾನು ಕೇಳಲಿಲ್ಲ. ಕಾಗದದ ತಟ್ಟೆ ಬಿಸಾಡಿ ನೇರವಾಗಿ ಅಂಗಡಿಗೆ ಕಾರು ಓಡಿಸಿ, ಆರು ಚೀಲ ತಂದು, ಊಟದ ಕೋಣೆಗೂ ಅಡುಗೆಮನೆಗೂ ನಡುವಿನ ಗೋಡೆಗೆ ಒತ್ತಿ ಮುಂದೆ ಮೂರು, ಹಿಂದೆ ಮೂರು ಪೇರಿಸಿದೆ.

“ಏನ್ರೀ ಇದು, ಮದುವೆ ಛತ್ರ ನಡೆಸ್ತಿದ್ದೀರಾ?” ಎಂದಳು ನನ್ನ ಹೆಂಡತಿ ಶಾರದೆ. “ಶನಿವಾರದೊಳಗೆ ಇದು ಇಲ್ಲಿಂದ ಹೋಗ್ಬೇಕು. ಇಲ್ಲಾಂದ್ರೆ ನಾನು ಹೋಗ್ತೀನಿ.”

“ಎಲ್ಲಿಗೆ?”

“ಅಕ್ಕಿ ಇಲ್ಲದ ಕಡೆಗೆ.”

ನನ್ನ ಈ ಸಂಕಟಕ್ಕೂ ರಾಜ್ಯದ ಶಾಸನಸಭೆಗೂ ಸಂಬಂಧವಿಲ್ಲ ಎಂದು ನೀವು ತಿಳಿದರೆ ತಪ್ಪು. ಒಬ್ಬರು ತಿಂಗಳಿಗೆ ಒಂದಕ್ಕಿಂತ ಹೆಚ್ಚು ಪಿಸ್ತೂಲು ಕೊಳ್ಳಬಾರದು ಎಂಬ ಮಸೂದೆ ಅದೇ ಚಳಿಗಾಲದಲ್ಲಿ ರಾಜಧಾನಿ ರಿಚ್ಮಂಡ್‌ನಲ್ಲಿ ಚರ್ಚೆಗೆ ಬಂದಿತ್ತು. ವರ್ಷಕ್ಕೆ ಹನ್ನೆರಡಾಯಿತಲ್ಲ, ಹಸ್ತಕ್ಕೊಂದರಂತೆ ಹಿಡಿದರೂ ಆರು ಜನಕ್ಕೆ ಸಾಕು ಎಂದು ನನಗೆ ತೋರಿತು. ನನ್ನ ಆಫೀಸಿನ ಬಂದೂಕುಪ್ರಿಯರಿಗೆ ಹಾಗೆ ತೋರಲಿಲ್ಲ. ಒಬ್ಬ ಊಟದ ಬಿಡುವಿನಲ್ಲೇ ಹೋಗಿ ಎರಡು ಕೊಂಡು ಬಂದ. ಯಾಕೆ ಎಂದರೆ, “ಆಮೇಲೆ ಸಿಗಲ್ವಲ್ಲ” ಎಂದ. ನಾನು ಮನೆಗೆ ಬಂದು ಈ ಹುಚ್ಚನ್ನು ಶಾರದೆಗೆ ವರ್ಣಿಸಿ ಬಹಳ ನಕ್ಕೆ. ಅವಳು ನಗಲಿಲ್ಲ. ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಚೀಲಗಳನ್ನು ನೋಡಿದಳು, ಎದ್ದು ಹೋದಳು.

ಗಡುವಿನ ಶನಿವಾರ ಬೆಳಿಗ್ಗೆ ಪಕ್ಕದ ಮನೆಯ ಅರ್ಲ್ ಬಂದ. ಅಂಚೆ ಇಲಾಖೆಯಿಂದ ನಿವೃತ್ತನಾದವನು, ನನಗೆ ಹಿಮ ಎತ್ತಿಹಾಕುವುದನ್ನು ಕಲಿಸಿದ ಪುಣ್ಯಾತ್ಮ. ಬೇರೆಯವರು ಅಂಚೆಚೀಟಿ ಕೂಡಿಡುವ ಹಾಗೆ ಪಿಸ್ತೂಲು ಕೂಡಿಡುತ್ತಿದ್ದ. ಒಂದು ಕೈಯಲ್ಲಿ ಮಸೂದೆಯ ವಿರುದ್ಧದ ಅರ್ಜಿ, ಇನ್ನೊಂದರಲ್ಲಿ ಹೊಸ ಪಿಸ್ತೂಲಿನ ಡಬ್ಬಿ. ಸಹಿ ಬೇಕು ಎಂದ.

“ನನಗೆ ಇಲ್ಲಿ ವೋಟೇ ಇಲ್ಲವಲ್ಲ ಅರ್ಲ್?”

“ವೋಟ್ ಬೇಡ. ನಿನ್ನ ಹೆಸರು ಉದ್ದ ಇದೆ, ಎರಡು ಸಾಲು ತುಂಬುತ್ತೆ.”

“ತಿಂಗಳಿಗೊಂದು ಸಾಲದೆ?” ಎಂದು ಮೆಲ್ಲಗೆ ಕೇಳಿದೆ.

“ಸಾಲೋ ಪ್ರಶ್ನೆ ಅಲ್ಲ ಇದು. ಇವತ್ತು ತಿಂಗಳಿಗೊಂದು ಅಂತಾರೆ. ನಾಳೆ ವರ್ಷಕ್ಕೊಂದು ಅಂತಾರೆ. ನಾಡಿದ್ದು ಮನೆಗೇ ಬಂದು ಇರೋದನ್ನೂ ಎತ್ಕೊಂಡು ಹೋಗ್ತಾರೆ.”

ದಾಕ್ಷಿಣ್ಯವೆಂಬುದು ನಮ್ಮ ಕಡೆಯ ದೊಡ್ಡ ರೋಗ. ಹಿಮ ಎತ್ತಲು ಕಲಿಸಿದವನಿಗೆ ಇಲ್ಲವೆನ್ನುವುದು ಹೇಗೆ? ಪೆನ್ನು ತೆಗೆದುಕೊಂಡೆ. ನಾನು ಬರೆಯುತ್ತಿರುವಾಗ ಅರ್ಲ್ ಡಬ್ಬಿ ತೆರೆದು, ಗುಂಡು ತುಂಬುವ ಮ್ಯಾಗಝಿನ್ ಹೊರಗೆಳೆದು ಊಟದ ಮೇಜಿನ ಮೇಲಿಟ್ಟ. “ನೋಡು, ಖಾಲಿ. ನನ್ನಂಥ ಜವಾಬ್ದಾರಿ ಮನುಷ್ಯನಿಗೆ ಕಾನೂನು ಯಾಕೆ ಬೇಕು?” ಎಂದು ಟ್ರಿಗರ್ ಅದುಮಿದ. ಒಂದು ಗುಂಡು ನಳಿಗೆಯ ಒಳಗೇ ಉಳಿದಿತ್ತು.

ಆ ಸದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. ಕುಕ್ಕರ್ ಕೂಗಿದರೆ ಈಗಲೂ ಕುರ್ಚಿ ಹಿಡಿದುಕೊಳ್ಳುತ್ತೇನೆ. ಆದರೆ ಸದ್ದಿಗಿಂತ ಹೆಚ್ಚಾಗಿ ನೆನಪಾಗುವುದು ಅದರ ಬೆನ್ನಿಗೇ ಬಂದ ಮೌನ. ಪಿಸ್ತೂಲಿನ ಮೂತಿ ಅಡುಗೆಮನೆಯ ಗೋಡೆಯ ಕಡೆಗಿತ್ತು. ಗೋಡೆಯ ಆಚೆ ಒಲೆ, ಒಲೆಯ ಮುಂದೆ ಶಾರದೆ. ಸಾಸಿವೆ ಚಟಪಟ ಸಿಡಿಯುವುದು ಕೇಳುತ್ತಿತ್ತು, ಅವಳ ಸದ್ದಿರಲಿಲ್ಲ. ಚೀಲದಿಂದ ಅಕ್ಕಿ ಸರಸರನೆ ನೆಲಕ್ಕೆ ಸುರಿಯುತ್ತಿತ್ತು. ಅರ್ಲ್ “ಖಾಲಿ ಇತ್ತು, ಖಾಲಿ ಇತ್ತು” ಎಂದು ಜಪಿಸುತ್ತಿದ್ದ.

“ರೀ, ಏನು ಬೀಳಿಸಿದ್ರಿ?” ಎಂದು ಒಳಗಿನಿಂದ ದನಿ ಬಂತು.

ಹದಿನಾಲ್ಕು ವರ್ಷದ ದಾಂಪತ್ಯದಲ್ಲಿ ಆ ಪ್ರಶ್ನೆ ನನಗೆ ಅಷ್ಟು ಇಂಪಾಗಿ ಕೇಳಿದ್ದು ಅದೊಂದೇ ಸಲ.

ಅರ್ಲ್ ತಾನೇ ಪೊಲೀಸರಿಗೆ ಫೋನ್ ಮಾಡಿದ. ಬಂದ ಅಧಿಕಾರಿ ಅವನ ಹೇಳಿಕೆ ಬರೆದುಕೊಂಡು, ಪಿಸ್ತೂಲನ್ನು ಪರೀಕ್ಷಿಸಿ, ಆಮೇಲೆ ಚೀಲಗಳನ್ನು ಬಿಚ್ಚಿಸಿದ. ಗುಂಡು ಮುಂದಿನ ಚೀಲವನ್ನು ಸೀಳಿ ಹಿಂದಿನ ಚೀಲದ ನಡುಮಧ್ಯೆ ತಣ್ಣಗೆ ಮಲಗಿತ್ತು. ಮೂರೇ ಚೀಲ ತಂದಿದ್ದರೆ ಹಿಂದಿನ ಸಾಲೇ ಇರುತ್ತಿರಲಿಲ್ಲ! ನಾನು ಎದೆಯುಬ್ಬಿಸಿ ಶಾರದೆಯತ್ತ ನೋಡಿದೆ. ಅವಳು ನೆಲದ ಮೇಲೆ ಕೂತು ಅಕ್ಕಿಯನ್ನು ಬೊಗಸೆಯಲ್ಲಿ ಎತ್ತುತ್ತಿದ್ದಳು. ಎತ್ತಿದ್ದೆಲ್ಲ ಬೆರಳ ಸಂದಿನಿಂದ ಮತ್ತೆ ನೆಲಕ್ಕೇ ಸೋರುತ್ತಿತ್ತು. ಅಧಿಕಾರಿಗೆ ಪಿಸ್ತೂಲಿನ ವಿಷಯದಲ್ಲಿ ಸಂಶಯವೇನೂ ಉಳಿದಂತೆ ಕಾಣಲಿಲ್ಲ. ನನ್ನ ಕಡೆ ತಿರುಗಿ, “ಇಬ್ಬರಿರುವ ಮನೆಯಲ್ಲಿ ಇಷ್ಟೊಂದು ಅಕ್ಕಿ ಯಾಕೆ?” ಎಂದ.

“ಆಮೇಲೆ ಸಿಗಲ್ವಲ್ಲ ಅಂತ” ಎಂದೆ.

ಅರ್ಲ್ ಮಾತ್ರ ಎಲ್ಲ ಅರ್ಥವಾದವನಂತೆ ತಲೆಯಾಡಿಸಿದ.

ಆ ಅರ್ಜಿ ಹೋಗಲೇ ಇಲ್ಲ. ಸದ್ದಿಗೆ ನನ್ನ ಕೈ ಜಾರಿ, ಸಹಿಯ ಕೊನೆಯ ಗೆರೆ ಮೇಲಿನ ಮೂವರ ಹೆಸರನ್ನೂ ಹೊಡೆದುಹಾಕಿತ್ತು. ಹೊಸದಕ್ಕೆ ಸಹಿ ಕೇಳಲು ಅರ್ಲ್ ನಮ್ಮ ಮನೆಗೆ ಬರಲಿಲ್ಲ. ಮಸೂದೆ ಕಾನೂನಾಯಿತು. ಚೀಲಗಳು ಗೋಡೆ ಬಿಟ್ಟು ಕದಲಲಿಲ್ಲ. ಹೋಗುತ್ತೇನೆಂದಿದ್ದ ಶಾರದೆಯೂ ಹೋಗಲಿಲ್ಲ. ಮನೆಗೆ ಬಂದವರಿಗೆಲ್ಲ ನಾನು ಆ ರಂಧ್ರವನ್ನು ತೋರಿಸಿ, ದೂರದೃಷ್ಟಿ ಎಂದರೇನೆಂದು ವಿವರಿಸುತ್ತಿದ್ದೆ.

ಬೇಸಿಗೆಯಲ್ಲಿ ಅಂಗಡಿಗೆ ಹೋದರೆ ಅಕ್ಕಿಯ ಮುಂದೆ ಹೊಸ ಹಲಗೆ: ಒಂದು ಮನೆಗೆ ತಿಂಗಳಿಗೆ ಒಂದೇ ಚೀಲ. ನನಗೆ ರಕ್ತ ಕುದಿಯಿತು.

“ಕೋಪ ಯಾಕೆ ಸರ್, ತಿಂಗಳಿಗೊಂದು ಸಾಲದಾ?” ಎಂದರು ಅಂಗಡಿಯ ಗುಜರಾತಿ ಅಂಕಲ್ ಇಂಗ್ಲಿಷಿನಲ್ಲಿ.

“ಸಾಲೋ ಪ್ರಶ್ನೆ ಅಲ್ಲ ಇದು. ಇವತ್ತು ತಿಂಗಳಿಗೊಂದು ಅಂತೀರಿ, ನಾಳೆ ವರ್ಷಕ್ಕೊಂದು ಅಂತೀರಿ...” ಎಂದು ಶುರುಮಾಡಿದವನು ಅಲ್ಲಿಗೇ ನಿಲ್ಲಿಸಿದೆ. ಮುಂದಿನ ಮಾತು ಅರ್ಲನ ದನಿಯಲ್ಲೇ ಬಾಯಿಗೆ ಬರುತ್ತಿತ್ತು. ಸಹಾಯಕ್ಕೆ ಶಾರದೆಯನ್ನು ಹುಡುಕಿದೆ. ಅವಳು ಬೇರೊಂದು ಗಾಡಿಯಲ್ಲಿ ಒಂದು ಚೀಲ ಹಾಕಿಕೊಂಡು, ನನ್ನಿಂದ ನಾಲ್ಕು ಜನರ ಹಿಂದೆ, ಯಾರೋ ಗುರುತಿಲ್ಲದವಳಂತೆ ಸಾಲಿನಲ್ಲಿ ನಿಂತಿದ್ದಳು.

“ಇವರು ನಿಮ್ಮ ಯಜಮಾನರಲ್ವಾ?” ಎಂದು ಅವಳ ಸರದಿ ಬಂದಾಗ ಅಂಕಲ್ ಕೇಳಿದರು.

ಶಾರದೆ ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, “ಯಾರೋ ಗೊತ್ತಿಲ್ಲ” ಎಂದಳು.

ಕಾರಿಗೆ ಎರಡೂ ಚೀಲ ಹೊತ್ತವನು ಮಾತ್ರ ನಾನೇ. “ಈಗ ನನ್ನ ದೂರದೃಷ್ಟಿ ಒಪ್ಕೋತೀಯಾ?” ಎಂದು ಏದುಸಿರಿನಲ್ಲೇ ಕೇಳಿದೆ.

“ಆ ಗೋಡೆ ಪಕ್ಕ ನಿಂತು ಒಗ್ಗರಣೆ ಹಾಕೋಳು ನಾನಲ್ವೇನ್ರೀ” ಎಂದಳು. “ಹಿಂದಿನ ಸಾಲಿಗೆ ಹಾಕಿ. ಅಲ್ಲಿ ಒಂದು ಕಮ್ಮಿ ಆಗಿದೆ.”