ಗ್ಯಾಸ್ ಆಗದಂತೆ ಬೆಂಕಿ ಆರಿಸುವ ಕ್ರಮ

ಬೆಂಕಿ ಆರಿಸುವ ಕೆಲವು ರಾಸಾಯನಿಕಗಳು ಉರಿಗೆ ತಾಗಿದರೆ ವಿಷಗಾಳಿ ಹುಟ್ಟುತ್ತದೆ. ಇದು ವಿಜ್ಞಾನ. ಆಲಮೇಲದ ಕಬ್ಬಿನ ಗಾಡಿ ನಿಯಂತ್ರಣ ಉಪಕಚೇರಿಯಲ್ಲಿ ಅದು ಆಡಳಿತವಾದ ಬಗೆಯನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ನಿವೇದಿಸಿದೆ.

ಕಚೇರಿಗೆ ಹೊಸ ಕೆಂಪು ಸಿಲಿಂಡರ್ ಬಂದ ದಿನ, ಅದನ್ನು ಬಳಸುವ ತರಬೇತಿ ಕೊಡಲು ಸುನೀಲಕುಮಾರ ಎಂಬ ತಂತ್ರಜ್ಞ ಬಂದಿದ್ದ.

"ಇದನ್ನ ಉರಿಗಿ ಹೊಡದ್ರ ಆ್ಯಸಿಡ್ ಗ್ಯಾಸ್ ಆಗ್ತೈತ್ರಿ. ಒಳಗ ನಿಂದರಬ್ಯಾಡ್ರಿ, ಎದಿ ಉರೀತೈತಿ," ಎಂದ.

ಕಚೇರಿಯ ಮುಖ್ಯಸ್ಥ ದಿಲಾವರ ಸಾಹೇಬರು ಹೊಟ್ಟೆ ಸವರಿಕೊಂಡರು. "ನನಗ ಸಿಲಿಂಡರ್ ಇಲ್ದನೂ ಆಗ್ತೈತಿ. ಎಲ್ಲಾ ಆ ಲಕ್ಕವ್ವನ ಮಿರ್ಚಿ!"

"ಇದು ಹೊಟ್ಟಿ ಗ್ಯಾಸ್ ಅಲ್ರೀ ಸಾಹೇಬ್ರ."

"ಗ್ಯಾಸಿನಾಗ ಜಾತಿ ಮಾಡಬ್ಯಾಡ್ರಿ. ಇದು ಸರಕಾರಿ ಕಚೇರಿ."

ಲಕ್ಕವ್ವ ಕಚೇರಿಯ ಪಡಸಾಲೆಯಲ್ಲಿ ಮಿರ್ಚಿ ಭಜಿ ಕರಿದು ಬದುಕುವವಳು. ಮಧ್ಯಾಹ್ನದೊಳಗೆ ಆದೇಶ ಹೊರಟಿತು: ಸಿಲಿಂಡರಿನ ಗ್ಯಾಸಿಗೆ ಮಿರ್ಚಿಯ ಗ್ಯಾಸು ಕೂಡಿದರೆ ನೌಕರರ ಜೀವಕ್ಕೆ ಅಪಾಯವಿರುವುದರಿಂದ ಸದರಿ ಒಲೆಯನ್ನು ಎತ್ತತಕ್ಕದ್ದು.

ಲಕ್ಕವ್ವ ಭಜಿ ಎತ್ತುವ ತೂತಿನ ಸೌಟು ಹಿಡಿದುಕೊಂಡೇ ಒಳಗೆ ಓಡಿಬಂದಳು. "ಹೊಟ್ಟಿ ಮ್ಯಾಲ ಹೊಡೀಬ್ಯಾಡ್ರಿ ಸಾಹೇಬ್ರ! ನನ್ನ ಹಿಟ್ಟಿನಾಗ ಅಜವಾನ ಇರ್ತೈತ್ರಿ. ಅದು ಗ್ಯಾಸಿಗಿ ಔಷಧ!"

ಸಾಹೇಬರು ಯೋಚಿಸಿದರು. ಪಾಪ, ಯೋಚಿಸಬಾರದಿತ್ತು. ಆದೇಶಕ್ಕೆ ತಿದ್ದುಪಡಿ ಬಂತು: ಬೆಂಕಿ ಬಿದ್ದ ಸಂದರ್ಭದಲ್ಲಿ ಯಾವುದೇ ನೌಕರನು ಅಜವಾನದ ಎರಡು ಮಿರ್ಚಿ ತಿನ್ನದೆ ಸಿಲಿಂಡರ್ ಮುಟ್ಟತಕ್ಕದ್ದಲ್ಲ.

ಮುಂದಿನ ವಾರವೇ ಸಾಹೇಬರ ಕೋಣೆಯ ಫ್ಯಾನಿನ ವೈರು ಹೊತ್ತಿಕೊಂಡಿತು. ಇಡೀ ಕಚೇರಿ ಲಕ್ಕವ್ವನ ಒಲೆಯ ಮುಂದೆ ಶಿಸ್ತಿನಿಂದ ಸಾಲು ನಿಂತಿತು.

"ಲಗೂ ಮಾಡವಾ, ಕುರ್ಚಿಗಿ ಹತ್ತೈತಿ!" ಎಂದರು ಸಾಹೇಬರು.

"ಹಸೀದು ಕೊಡ್ಲೇನ್ರಿ? ಎಣ್ಣಿ ಕಾಯಬೇಕಲ್ಲ!"

ಎಣ್ಣೆ ಕಾಯುವಷ್ಟರಲ್ಲಿ ಕುರ್ಚಿ ಹೋಯಿತು. ಕೆಲವರು ಚಟ್ನಿ ಕೇಳಿದ್ದರಿಂದ ಟೇಬಲ್ಲೂ ಹೋಯಿತು. ಕೊನೆಗೆ ಉರಿಯಲು ಏನೂ ಉಳಿಯದೆ ಬೆಂಕಿ ತಾನಾಗಿಯೇ ಆರಿತು.

ಸಿಲಿಂಡರಿನ ಸೀಲು ಒಡೆದಿರಲಿಲ್ಲ. ಒಬ್ಬರಿಗೂ ಗ್ಯಾಸ್ ಆಗಿರಲಿಲ್ಲ. ಮೇಲಿನವರು ಸಂತೋಷಪಟ್ಟು ಇಂಡಿ, ಸಿಂದಗಿ, ಮುದ್ದೇಬಿಹಾಳದ ಉಪಕಚೇರಿಗಳಿಗೂ ಒಂದೊಂದು ಒಲೆ ಮಂಜೂರು ಮಾಡಿದರು. ಲಕ್ಕವ್ವನ ತಲೆಯ ಮೇಲೆ 'ಅಗ್ನಿಶಮನ ಪೂರ್ವಸಿದ್ಧತಾ ಕೇಂದ್ರ' ಎಂಬ ಬೋರ್ಡು ಬಂತು. ಇನ್ನು ಆ ಒಲೆಯನ್ನು ಎತ್ತುವ ಧೈರ್ಯ ಯಾರಿಗೂ ಇಲ್ಲ.

ತಪಾಸಣೆಗೆ ಮತ್ತೆ ಬಂದ ಸುನೀಲಕುಮಾರ ಕರಕಲಾದ ಕೋಣೆ ನೋಡಿ ಏನೋ ಹೇಳಲು ಬಾಯಿ ತೆರೆದ. ಲಕ್ಕವ್ವ ಪ್ಲೇಟು ಮುಂದಿಟ್ಟಳು.

"ಮೊದಲ ತಿನ್ರಿ. ಕಾನೂನ ಐತಿ."

ಅವನು ತಿಂದ. ಇನ್ನೆರಡು ಹಾಕಿಸಿಕೊಂಡ. ಆಮೇಲೆ ಕಣ್ಣು ಮುಚ್ಚಿ ದೊಡ್ಡದೊಂದು ತೇಗು ಬಿಟ್ಟ.

"ಹೋತ್ರಿ," ಎಂದ ತಂತ್ರಜ್ಞ. "ಗ್ಯಾಸ್ ಹೋತು."